ಗೊಂಬೆ ಅಂಗಡಿ ಮುಂದಿನ ಕಿಂಡಿ

೧೨ ಫೆಬ್ರವರಿ, ಬುಧವಾರ

ಅವನನ್ನು ಬಿಡುವುದಿಲ್ಲ ಅಂತ ನಿನ್ನೆಯೇ ಬರೆದಿದ್ದೆನಲ್ಲ, ಬಿಡಲಿಲ್ಲ. ಗಿರಾಕಿಗಳ ಕಾರು ತಿರುಗಲೆಂದು ಗೊಂಬೆ ಅಂಗಡಿ ಚಿಕ್ಕರಾಜು ಚನ್ನಪಟ್ಟಣದ ಹೆದ್ದಾರಿ ಡಿವೈಡರ್ ಒಡೆಸಿದ್ದ. ಆ ಕಿಂಡಿಯಲ್ಲಿ ದಾಟುವಾಗಲೇ ನನ್ನ ಹೆಂಡತಿ ಅಂಬಮ್ಮನಿಗೆ ಲಾರಿ ಬಡಿದದ್ದು. ಹೆಣದ ಮುಂದೆ ನಿಂತು ಅವನು ಹೇಳಿದ್ದು ಇಷ್ಟೇ: "ಅತ್ಗೆ ಒಸಿ ಮುಂದಕ್ಕೋಗಿ ಸಿಗ್ನಲ್ಲಲ್ಲಿ ದಾಟ್ಬೇಕಿತ್ತು."

ಅಪಾಯದ ಜಾಗ ಯಾವುದೆಂದು ಕಳೆದ ವಾರ ಹೆದ್ದಾರಿ ಎಂಜಿನಿಯರ್ ಕೇಳಿದಾಗ ನಾನೇ ಕರೆದೊಯ್ದು ಆ ಕಿಂಡಿ ತೋರಿಸಿದೆ. ಇವತ್ತು ಕಾಂಕ್ರೀಟ್ ಸುರಿದು ಅದನ್ನು ಮುಚ್ಚಿ ಮುಗಿಸುವವರೆಗೂ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದೆ.

"ಯಾಕಣ್ಣಾ, ನನ್ ಯಾಪಾರನೇ ಮುಗುಸ್ಬುಟ್ಟೆ?" ಅಂತ ಬಂದ ಚಿಕ್ಕರಾಜು.

"ನಿನ್ ಗಿರಾಕಿಗಳು ಒಸಿ ಮುಂದಕ್ಕೋಗಿ ಸಿಗ್ನಲ್ಲಲ್ಲಿ ತಿರುಗ್ಲಿ ಕಣ್ಲಾ!"

ಅವನ ಮುಖ ಸಣ್ಣಗಾಯಿತು. ಪೊಯೆಟಿಕ್ ಜಸ್ಟಿಸ್, ಮಾಡಿದ್ದೇ ತಿರುಗಿ ಬಡಿಯುವ ನ್ಯಾಯ, ಅಂತ ಬಿ.ಎ.ಯಲ್ಲಿ ಓದಿದ್ದೆ, ಅರ್ಥವಾದದ್ದು ಇವತ್ತು. ಇನ್ನೂ ಅವನ ಅಂಗಡಿ ಮುಚ್ಚಬೇಕು, ಅದನ್ನೂ ಕಣ್ಣಾರೆ ನೋಡಬೇಕು. ಆದರೆ ಆ ಕಿಂಡಿಯಲ್ಲಿ ನಾನೂ ದಿನಾ ದಾಟುತ್ತಿದ್ದೆ. ಸುತ್ತು ಯಾಕೆ, ಇಲ್ಲೇ ಬಾ ಅಂತ ಅವಳಿಗೆ ಮೊದಲು ಹೇಳಿದವನು...

ಬೆಳಕು ಇಳಿಯುತ್ತಿದೆ. ಬರೆದದ್ದೇ ಕಾಣುತ್ತಿಲ್ಲ.