ಮಿತಿಯೊಳಗಿನ ಸವೆತ

ಮಂಗಳವಾರ, ಮಧ್ಯಾಹ್ನ

ನಿನಗೆ,

ಕ್ಷೇಮವಾಗಿದ್ದೀಯೆಂದು ನಿನ್ನ ತಂಗಿ ಹೇಳಿದಳು. ಆದ್ದರಿಂದ ಅದನ್ನು ಕೇಳುವುದಿಲ್ಲ.

ಅತ್ತೆಯ ಸೊಂಟದ ಕೀಲು ಸದ್ದು ಮಾಡುತ್ತಿದೆಯೆಂದು ನಾನು ಬರೆದಿದ್ದೆ. ಸವೆತ ಮಿತಿಯೊಳಗಿದೆ ಎಂದು ನೀನು ಒಂದೇ ಸಾಲಿನ ಉತ್ತರ ಕಳಿಸಿದೆ. ನಿನ್ನ ಲ್ಯಾಬಿನಲ್ಲಿ ನೀನೇ ಪರೀಕ್ಷಿಸಿ, ನೀನೇ ಆರಿಸಿ ಹಾಕಿಸಿದ ಕೃತಕ ಕೀಲು. ಲೋಹದ ಬಟ್ಟಲಲ್ಲಿ ಲೋಹದ ಗುಂಡು. ಮೆಟ್ಟಿಲು ಹತ್ತುವಾಗ ಕಿರ್ರೆನ್ನುತ್ತಿತ್ತು. ಕೆಳಗಿನ ಅಂಗಡಿಯ ಟೈಲರ್, "ಅಜ್ಜೀ, ಬಾಗಿಲಿಗೆ ಒಂಚೂರು ಎಣ್ಣೆ ಬಿಡಬಾರ್ದಾ?" ಅಂದನಂತೆ. "ಬಾಗಿಲಲ್ಲಪ್ಪ, ನನ್ನ ಮಗ. ಸೊಂಟದೊಳಗೆ ಕೂತು ಹಲ್ಲು ಕಡೀತಿದಾನೆ" ಅಂದರಂತೆ ಇವರು. ಇದನ್ನು ನನಗೆ ಹೇಳಿ ಕೆಮ್ಮು ಬರುವಷ್ಟು ನಕ್ಕರು.

ಹದಿನೈದು ದಿನದ ಹಿಂದೆ ಡಾಕ್ಟರು ಎಕ್ಸ್‌ರೇ ತೋರಿಸಿದರು. ಗುಂಡು ಗುಂಡಾಗಿಯೇ ಇದೆ. ಕರಗಿರುವುದು ಅದರ ಸುತ್ತಲಿನ ಮೂಳೆ.

ಅವರು ವಿವರಿಸಬೇಕಾಗಿರಲಿಲ್ಲ. ಹಿಂದೊಮ್ಮೆ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದಿನಿಂದ ಸರಿದು, ನೋಡು ಎಂದು ನನಗೆ ಜಾಗ ಬಿಟ್ಟವನು ನೀನೇ. ಕನ್ನಡಿಯಂತೆ ಹೊಳೆಯುವ ಲೋಹದಲ್ಲಿ ಬೆಟ್ಟಗಳಿದ್ದವು. ಎರಡು ಮೈಗಳು ಪೂರ್ತಿ ತಾಗುವುದೇ ಇಲ್ಲ, ತುದಿಗೆ ತುದಿ ಮಾತ್ರ ಎಂದು ನೀನು ಹೇಳಿದ್ದೆ. ತುದಿಗಳು ಮುರಿದು ಕಣ್ಣಿಗೆ ಕಾಣದ ಪುಡಿಯಾಗುತ್ತವೆ. ಆ ಪುಡಿಯನ್ನು ಜೀವಕೋಶಗಳು ನುಂಗುತ್ತವೆ, ಅರಗಿಸಿಕೊಳ್ಳಲಾಗದೆ ಕೆರಳುತ್ತವೆ, ಆ ಸಿಟ್ಟು ಪಕ್ಕದ ಮೂಳೆಯ ಮೇಲೆ ತೀರುತ್ತದೆ. ನಮ್ಮ ಮನೆಯಲ್ಲೂ ಯಾರೂ ದನಿ ಎತ್ತಲಿಲ್ಲ. ನೀನು ಹೊರಡುವ ದಿನದವರೆಗೂ ಎಲ್ಲ ಮಿತಿಯೊಳಗೇ ಇತ್ತು.

ಕೀಲು ಬದಲಿಸಲೇಬೇಕಂತೆ. ತಡವಾದರೆ ಹೊಸದನ್ನು ಹಿಡಿದುಕೊಳ್ಳಲು ಮೂಳೆಯೇ ಉಳಿಯುವುದಿಲ್ಲ. ಅತ್ತೆ ಒಪ್ಪುತ್ತಿಲ್ಲ.

"ನನ್ನ ಮಗ ನೋಡಿ ಹಾಕ್ಸಿದ್ದು ಕಣೇ. ಕೆಟ್ಟಿದ್ರೆ ಅವನೇ ಹೇಳ್ತಿದ್ದ."

ಅವನು ಹೇಳುವವನಲ್ಲ ಅತ್ತೆ, ಎಂದೆ.

"ನಿನಗೆ ಅವನ ಮೇಲೆ ಸಿಟ್ಟು. ಅದಕ್ಕೇ ಅವನು ಹಾಕ್ಸಿದ ಕೀಲಿನ ಮೇಲೂ ಸಿಟ್ಟು."

ಅದು ಪೂರ್ತಿ ಸುಳ್ಳಲ್ಲ. ಹಾಗಾಗಿ ನನ್ನ ಮಾತು ಅಲ್ಲಿ ನಡೆಯುವುದಿಲ್ಲ.

ಅವರಿಗೆ ಒಂದು ಸಾಲು ಬರೆ. ಕೀಲು ಕೆಟ್ಟಿದೆ, ಬದಲಾಯಿಸಿಕೋ ಅಮ್ಮ, ಅಷ್ಟೇ. ಪರೀಕ್ಷೆಯಲ್ಲಿ ನಿನಗೇನು ಕಂಡಿತ್ತು, ಏನನ್ನು ಕಂಡೂ ಕಾಣದಂತೆ ಇದ್ದೆ ಎಂದು ನಾನು ಕೇಳುತ್ತಿಲ್ಲ. ನನ್ನ ಹೆಸರೂ ಎತ್ತಬೇಕಾಗಿಲ್ಲ.

ನೀನು ಹೋದ ಮೇಲೆ ಅವರು ನನ್ನ ಜೊತೆ ಉಳಿದದ್ದನ್ನು ನನ್ನ ಪಕ್ಷ ವಹಿಸಿದಂತೆ ಎಂದುಕೊಂಡಿದ್ದೀಯ. ನಾನೂ ಕೆಲಕಾಲ ಹಾಗೇ ಅಂದುಕೊಂಡಿದ್ದೆ. ಅಲ್ಲ. ನೀನು ತಿರುಗಿ ಬಂದರೆ ಈ ಬಾಗಿಲಿಗೇ ಬರುತ್ತೀಯೆಂದು ಅವರ ಲೆಕ್ಕ.

ಇಂತಿ,
ನಿನ್ನ ಅಮ್ಮನ ಸೊಸೆ

ಮರೆತಿದ್ದೆ: ಸದ್ದು ನಿಂತಿದೆಯೆಂದು ನಿನಗೆ ತಪ್ಪದೆ ತಿಳಿಸಬೇಕಂತೆ, ಅತ್ತೆ ಹೇಳಿ ಬರೆಸಿದ್ದಾರೆ. ನಿಂತಿರುವುದು ನಿಜ. ಹೋದ ವಾರದಿಂದ ಅವರು ಹಾಸಿಗೆ ಬಿಟ್ಟು ಎದ್ದಿಲ್ಲ.