ಬಾಟಲಿಯ ಮೇಲಿನ ಹೆಸರು

ಡೆನ್ಮಾರ್ಕಿನ ಲ್ಯಾಬಿನ ಬಿರ್ಗಿಟ್ ಮೇಡಂ ಅವರಿಗೆ,

ನಿನ್ನೆ ಫೋನಿನಲ್ಲಿ ಅರ್ಧಕ್ಕೇ ನಿಂತದ್ದು ಸನ್ಮಾನದ ಮಾತು. ಇಪ್ಪತ್ತು ಬೇಸಿಗೆ ಒಂದೇ ಕೈ ತುಂಬಿದ ಹೊಳೆನೀರು, ಆರ್ನಾಲುಕ್‌ಗೆ ಸನ್ಮಾನ ಮಾಡಬೇಕು ಎಂದಿರಿ. ನಾನು ಲೈನ್ ಸರಿಯಿಲ್ಲ ಎಂದೆ. ಲೈನ್ ಸರಿಯಾಗಿಯೇ ಇತ್ತು. ನನ್ನ ಹೆಂಡತಿ ಆರ್ನಾಲುಕ್ ತೀರಿಕೊಂಡು ಎರಡು ವರ್ಷವಾಯಿತು. ಆಮೇಲಿನ ಬಾಟಲಿಗಳನ್ನು ತುಂಬಿದವನು ನಾನು. ಚೀಟಿಯ ಮೇಲೆ ಅವಳ ಹೆಸರನ್ನೇ ಬರೆದೆ. ಕೈ ಬದಲಾದರೆ ಇಷ್ಟು ವರ್ಷದ ಲೆಕ್ಕದ ಕಂಟಿನ್ಯುಯಿಟಿ ಕೆಡುತ್ತದೆ ಎಂದುಕೊಂಡೆ. ನನ್ನದು ಕಾಲೇಜಿನಲ್ಲಿ ಕಲಿತ ಇಂಗ್ಲಿಷು, ಪದ ಅದೇ ಇರಬೇಕು.

ಕಲಿಸಿದವಳು ಅವಳೇ. "ಏ ಮುದುಕಾ, ನೀರಿಗೆ ಎದುರಾಗಿ ನಿಂತ್ಕೋ. ನಿನ್ನ ಬೂಟಿನ ಕೊಳೆ ಕಲ್ಲಿಂದ ಕರಗಿದ ಉಪ್ಪು ಅಂತ ಡೆನ್ಮಾರ್ಕಿಗೆ ಹೋಗೋದು ಬೇಡ" ಅನ್ನುತ್ತಿದ್ದಳು. ಹಾಗೇ ನಿಂತು, ಬಾಟಲಿಯನ್ನು ಹೊಳೆಯ ನೀರಲ್ಲೇ ಮೂರು ಸಲ ತೊಳೆದು, ಹಿಮನದಿಯ ಬುಡದಲ್ಲಿ ಒಂದು, ಸಮುದ್ರದ ಹತ್ತಿರ ಒಂದು ತುಂಬಿದ್ದೇನೆ. ನಡುವಿನ ಜಲ್ಲಿಯಲ್ಲಿ ನೀರು ಕಲ್ಲನ್ನು ಎಷ್ಟು ಕರಗಿಸಿಕೊಂಡಿತೋ, ಅದು ಹೊಳೆಯ ಕೆಲಸ, ತುಂಬಿದ ಕೈಯದ್ದಲ್ಲ. ಆ ಎರಡು ವರ್ಷದ್ದನ್ನು ಎಸೆಯಬೇಡಿ, ಹೆಸರು ಮಾತ್ರ ತಿದ್ದಿಕೊಳ್ಳಿ.

ಈ ವರ್ಷದ ಕೊನೆಯ ಬಾಟಲಿ ಮೇಜಿನ ಮೇಲಿದೆ. ಚೀಟಿ ಇನ್ನೂ ಖಾಲಿ. ಬೆಳಕು ಹೋಗುತ್ತಿದೆ, ಕಣ್ಣಿಗೆ ಕಾಣುವಾಗಲೇ ನನ್ನ ಹೆಸರು ಬರೆದುಬಿಡುತ್ತೇನೆ.

ಇತಿ,
ಮಮಾರುತ್
ಕಾನಾಕ್, ಗ್ರೀನ್‌ಲ್ಯಾಂಡ್