ಎಡಗಾಲಿನ ಕೆಂಪು ಪಟ್ಟಿ

೧೪ನೇ ತಾರೀಖು, ಗುರುವಾರ

ಮುದ್ದು ಮಗಳೇ,

ಆಶೀರ್ವಾದಗಳು. ನೀನು ಬಂದು ಹೋಗಿ ಎರಡು ತಿಂಗಳಾಯಿತು, ಅಮ್ಮ ಎರಡು ಸಾಲು ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ. ಬರೆಯಲು ಕೂತಾಗಲೆಲ್ಲ ಸಿಟ್ಟು ನೆತ್ತಿಗೇರಿ ಕಾಗದ ಹರಿದುಹಾಕಿದೆ, ಬೇಸರಿಸಬೇಡ.

ನೀನು ಹೊರಟ ದಿನವೇ ಡೈರಿಯವರು ನಮ್ಮ ಕಡೆಯ ಟ್ಯಾಂಕರ್ ಹಾಲನ್ನು ಪೂರ್ತಿ ಚರಂಡಿಗೆ ಸುರಿದರು. ಹಾಲಿನಲ್ಲಿ ಔಷಧದ ಅಂಶ ಇತ್ತಂತೆ. ಅರವತ್ತು ಮನೆಯ ಹಾಲು! ಮನೆಮನೆಯ ಮಾದರಿ ಪರೀಕ್ಷಿಸಿದರೆ, ತಪ್ಪಿದ್ದದ್ದು ನಮ್ಮ ಕ್ಯಾನಿನಲ್ಲೇ. ದೇಶದ ಹೊಟ್ಟೆ ತುಂಬಿಸುವುದರಲ್ಲಿ ಹೈನುಗಾರರ ಪಾಲು ದೊಡ್ಡದೆಂದು ನೀನು ಆಹಾರ ಇಲಾಖೆಯಲ್ಲಿ ಕೂತು ಬರೆಯುತ್ತೀಯ. ಇಲ್ಲಿ ನಾನು ಹಾಲಿನ ಸಂಘದ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದೆ.

ಕರಿಹಸುವಿನ ಕೆಚ್ಚಲು ಬಾತು, ಡಾಕ್ಟರು ಇಂಜೆಕ್ಷನ್ ಕೊಟ್ಟು ಐದು ದಿನ ಹಾಲು ಕಳಿಸಬೇಡಿ ಎಂದಿದ್ದರಲ್ಲ. ನಮ್ಮ ಮನೆಯ ರೂಢಿಯಂತೆ ಅದರ ಹಿಂದಿನ ಎಡಗಾಲಿಗೆ ಕೆಂಪು ಪಟ್ಟಿ ಕಟ್ಟಿದವಳು ನಾನೇ. ಪಟ್ಟಿ ಇರುವ ತನಕ ಆ ಹಾಲು ಕ್ಯಾನಿಗೆ ಬೀಳಬಾರದು. ಹಿಂದಿನ ಸಂಜೆ ಕರೆಯುವಾಗಲೂ ಇತ್ತು. ಬೆಳಗ್ಗೆ ನಿನ್ನನ್ನು ಬಸ್ಸು ಹತ್ತಿಸಲು ಹೋದೆ. ಆಗಷ್ಟೇ ತವರಿನಿಂದ ಬಂದಿದ್ದ ನಿನ್ನ ಚಿಕ್ಕಮ್ಮ ಹಾಲು ಕರೆದಳು. ಆಮೇಲೆ ನೋಡಿದರೆ ಪಟ್ಟಿ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು.

ಮೊದಲು ನಿನ್ನ ಅಪ್ಪನ ಮರೆವಿನ ಮೇಲೆ ಸಂಶಯ ಬಂತು, ಆಮೇಲೆ ಡಾಕ್ಟರ ಮೇಲೆ. ಕೊನೆಗೆ ಚಿಕ್ಕಮ್ಮನ ಮೇಲೆ ಕೂತುಬಿಟ್ಟಿತು. ಎಲ್ಲರಿಗಿಂತ ಹೆಚ್ಚು ಹಾಲು ಹಾಕುವವಳು ಎನಿಸಿಕೊಳ್ಳುವ ಚಪಲ ಅವಳಿಗೆ ಮೊದಲಿಂದಲೂ ಇದೆ. ಸಂಘದವರ ಮುಂದೆ ಅವಳು ಒಂದೇ ಮಾತು ಹೇಳಿದಳು:

"ಅಕ್ಕಾ, ಕಾಲಲ್ಲಿ ಪಟ್ಟಿ ಇರ್ಲಿಲ್ಲ. ಇದ್ದಿದ್ರೆ ನಾನ್ಯಾಕೆ ಕ್ಯಾನಿಗೆ ಹಾಕ್ತಿದ್ದೆ?"

ನಾನು ಅವಳ ಮುಖ ನೋಡಲಿಲ್ಲ. ಅವಳನ್ನು ಸಂಘದಿಂದ ತೆಗೆಯುವ ಕಾಗದಕ್ಕೆ ಮೊದಲ ಸಹಿ ನನ್ನದೇ. ಈಗ ಅವಳು ಕೊಟ್ಟಿಗೆಗೆ ಕಾಲಿಡುವುದಿಲ್ಲ, ನಾನೂ ಬಾ ಎನ್ನುವುದಿಲ್ಲ. ಅಡುಗೆಮನೆಯಲ್ಲಿ ಎದುರಾದರೆ ಇಬ್ಬರೂ ಪಾತ್ರೆಗಳ ಜೊತೆ ಮಾತಾಡುತ್ತೇವೆ. ನಗಬೇಡ, ನಿನ್ನ ಅಪ್ಪ ನಕ್ಕು ಬೈಸಿಕೊಂಡಿದ್ದಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ಚೆನ್ನಾಗಿರು.

ನಿನ್ನ
ಅಮ್ಮ

ತಾ.ಕ.: ಲಕೋಟೆ ಅಂಟಿಸುವಾಗ ಅಂಚೆಯವನು ನಿನ್ನ ಇಲಾಖೆಯ ಪುಸ್ತಕ ಕೊಟ್ಟುಹೋದ. ರಟ್ಟಿನ ಮೇಲೆ ನೀನು, ಪಕ್ಕದಲ್ಲಿ ಕರಿಹಸು. ನೀನು ತೊಟ್ಟಿರುವುದು ಬಸ್ಸು ಹತ್ತಿದ ದಿನದ ಹಸಿರು ಅಂಗಿ. ಹಸುವಿನ ನಾಲ್ಕೂ ಕಾಲು ಬರಿದು. ಚಿತ್ರ ಚೆನ್ನಾಗಿ ಬರಲಿ ಅಂತ ಪಟ್ಟಿ ಬಿಚ್ಚಿಟ್ಟು, ಮತ್ತೆ ಕಟ್ಟಲು ಮರೆತೆಯಾ, ಕಂದಾ? ಚಿಕ್ಕಮ್ಮ ಆಚೆ ಕೋಣೆಯಲ್ಲೇ ಇದ್ದಾಳೆ, ಪುಸ್ತಕ ಒಯ್ದು ತೋರಿಸಲು ನನಗೆ ಕಾಲೇ ಏಳುತ್ತಿಲ್ಲ. ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಅನುಮಾನಿಸಿದೆ, ನಿನ್ನೊಬ್ಬಳನ್ನು ಬಿಟ್ಟು.